ಮುಕ್ಕಾಲು ಇಂಚಿನ ಉಣ್ಣೆ

ಮೆತ್ತಗಿದೆ, ಬೆರಳು ಒಳಕ್ಕೆ ಮುಳುಗುತ್ತದೆ, ಇದು ಬಣ್ಣದ ರೋಲರಿನ ಉಣ್ಣೆ, ಎಳೆಯ ಉದ್ದ ಮುಕ್ಕಾಲು ಇಂಚು, ಪ್ಲಾಸ್ಟಿಕ್ಕಿನ ತುದಿಯನ್ನು ಯಾರೋ ಮೊದಲೇ ಹರಿದಿಟ್ಟಿದ್ದಾರೆ, ಮುಟ್ಟಿ ನೋಡದೆ ಕೊಳ್ಳದವರು, ನನ್ನಂಥವರೇ, ಪಕ್ಕದ ರೋಲರ್ ಅರ್ಧ ಇಂಚಿನದು, ಅದರ ಎಳೆ ಒತ್ತಾಗಿದೆ, ಕೈಗೆ ಗಟ್ಟಿ, ಕೆಳಗಿನ ಸಾಲಿನಲ್ಲಿ ಇನ್ನೂ ಗಿಡ್ಡ ಎಳೆಯವು, ಬಾಗಿಲಿಗೆ, ಕಪಾಟಿಗೆ, ಅವು ನನಗೆ ಬೇಡ, ನನಗೆ ಬೇಕಾದದ್ದು ಛಾವಣಿಗೆ, ಒಂದೇ ಒಂದು ಕೋಣೆಯ ಛಾವಣಿ, ಹನ್ನೊಂದು ಅಡಿಗೆ ಹನ್ನೆರಡು, ಒಂದೇ ಕಿಟಕಿ, ಅದೂ ಪೂರ್ವಕ್ಕೆ — ಮೂವತ್ತನಾಲ್ಕು ವರ್ಷ ಈ ಊರಿನ ಗೋಡೆಗಳಿಗೆ ಬಣ್ಣ ಹಚ್ಚಿದ ಹೆಂಗಸು ರೋಲರುಗಳ ಮುಂದೆ ಕಾಲು ಗಂಟೆಯಿಂದ ನಿಂತಿದ್ದಾಳೆ, ಅದೆಲಿನೊ ಗಲ್ಲಾದ ಹಿಂದಿನಿಂದ ನೋಡುತ್ತಲೇ ಇದ್ದಾನೆ, ಕಾಫಿ ಲೋಟದ ಮೇಲಿಂದ, ಏನು ಒತೀಲಿಯಾ, ರೋಲರ್ ಆರಿಸ್ತಿದೀಯೋ ಗಂಡನ್ನ ಆರಿಸ್ತಿದೀಯೋ, ಅನ್ನುತ್ತಾನೆ, ಗಂಡನ್ನ ಆರಿಸೋವಾಗ ಇಷ್ಟು ಹೊತ್ತು ನಿಂತಿದ್ರೆ ನನ್ನ ಬಾಳು ನೆಟ್ಟಗಿರ್ತಿತ್ತು ಬಿಡು, ಅನ್ನುತ್ತೇನೆ, ಅವನು ನಗುತ್ತಾನೆ, ನಾನೂ ನಕ್ಕ ಹಾಗೆ ಮಾಡುತ್ತೇನೆ, ಕೈ ಮಾತ್ರ ಉಣ್ಣೆಯೊಳಗೇ ಇದೆ. ಇವತ್ತು ಬುಧವಾರ. ಶುಕ್ರವಾರ ಅಣ್ಣ ಆಸ್ಪತ್ರೆಯಿಂದ ಬರುತ್ತಾನೆ. ಸೆರಾಫಿಂ, ನನ್ನ ಅಣ್ಣ, ನಮ್ಮ ಈ ಫಾಲ್ ರಿವರ್ ಊರಿನ ಅರ್ಧ ಮನೆಗಳ ಛಾವಣಿಯನ್ನು ಬೆಳ್ಳಗೆ ಮಾಡಿದವನು, ಆರು ವಾರದ ಹಿಂದೆ ತನ್ನ ಅಡುಗೆಮನೆಯಲ್ಲಿ ಕುಸಿದು ಬಿದ್ದ, ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ನಾಲ್ಕೈದು ತುಂಡಾಗಿ ಉಳಿಯಿತು, ಅವನಿರುವುದು ಎರಡನೇ ಅಂತಸ್ತು, ಮೆಟ್ಟಿಲು ಇನ್ನು ಅವನದಲ್ಲ, ಆದ್ದರಿಂದ ಕೆಳಗೆ ನನ್ನ ಮನೆಯ ಹಿಂದಿನ ಕೋಣೆಗೆ, ಅಮ್ಮ ಇದ್ದ ಕೋಣೆಗೆ, ಕಿಟಕಿಯ ಪಕ್ಕದ ಮಂಚಕ್ಕೆ. ಅಂಗಾತ ಮಲಗಿರುತ್ತಾನೆ, ಬೆಳಿಗ್ಗೆಯಿಂದ ಸಂಜೆಯ ತನಕ, ನಾಳೆ ನಾಡಿದ್ದು ಮುಂದಿನ ವರ್ಷ, ನೋಡಲಿಕ್ಕೆ ಅವನಿಗೆ ಇರುವುದು ಒಂದೇ, ಛಾವಣಿ, ನಾನು ಹಚ್ಚಿದ ಛಾವಣಿ. ಅದರಲ್ಲೊಂದು ಪಟ್ಟೆ ಇದ್ದರೆ ಆ ಪಟ್ಟೆಯ ಜೊತೆ ಅವನು ಬದುಕಬೇಕು.

ಮತ್ತೆ ನಾನು ಛಾವಣಿಯವಳಲ್ಲ, ನಾನು ಅಂಚಿನವಳು, ಅದೆಲಿನೊಗೂ ಗೊತ್ತು, ಇಡೀ ಊರಿಗೆ ಗೊತ್ತು, ಗೋಡೆ ಮತ್ತು ಛಾವಣಿ ಸೇರುವ ಕಡೆ ಬ್ರಷ್ಷಿನಲ್ಲಿ ಒಂದು ಗೆರೆ ಎಳೆಯುವುದು, ಟೇಪ್ ಅಂಟಿಸದೆ, ಉಸಿರು ಹಿಡಿದು, ಅದು ನನ್ನ ಕೆಲಸ, ಅಂಚು ಒಣಗುವ ಮೊದಲೇ ಹಿಂದಿನಿಂದ ರೋಲರ್ ತಂದು ಸೇರಿಸುವುದು ಅವನ ಕೆಲಸ, ನಾನು ಏಣಿಯ ಮೇಲೆ, ಅವನು ನೆಲದ ಮೇಲೆ ಉದ್ದ ಕೋಲು ಹಿಡಿದು, ಇಬ್ಬರ ನಡುವೆ ಮೂರಡಿ, ಅದಕ್ಕಿಂತ ಹೆಚ್ಚಾದರೆ ಅಂಚು ಒಣಗುತ್ತದೆ, ಕಡಿಮೆಯಾದರೆ ಅವನ ರೋಲರಿನ ಹನಿ ನನ್ನ ತಲೆಯ ಮೇಲೆ, ಓಡೇ ತೀಲಿಯಾ ಓಡೇ, ಹಿಂದಿನಿಂದ ಹುಲಿ ಬರ್ತಿದೆ, ಅನ್ನುತ್ತಿದ್ದ, ಹುಲಿಗೆ ಹೊಟ್ಟೆ ಬಂದಿದೆ ಕಣೋ, ನಿಧಾನಕ್ಕೆ ಬರಲಿ, ಅನ್ನುತ್ತಿದ್ದೆ — ಕೆಲಸ ಕಲಿಸಿದವನು ಅಪ್ಪ, ಹುಟ್ಟಿದ ದ್ವೀಪ ಬಿಟ್ಟು ಈ ದೇಶಕ್ಕೆ ಬರುವಾಗ ಜೊತೆಗೆ ತಂದದ್ದು ಎರಡು ಬ್ರಷ್ ಮತ್ತು ಒಂದು ಅಭ್ಯಾಸ, ಯಾವ ಛಾವಣಿಯಾದರೂ ಸರಿ, ಯಾರ ಮನೆಯಾದರೂ ಸರಿ, ರೋಲರಿನ ಮೊದಲ ಎರಡು ಎಳೆತ ಶಿಲುಬೆ, ಕಿಟಕಿಯಿಂದ ಬಾಗಿಲ ಕಡೆಗೆ ಒಂದು, ಅಡ್ಡಕ್ಕೆ ಒಂದು, ಆಮೇಲೆ ನಿಲ್ಲಬಾರದು, ಒದ್ದೆ ಇರುವಾಗಲೇ ಎಲ್ಲ ಕಡೆ ಹರಡಿಬಿಡಬೇಕು, ದೇವರು ನೋಡಿ ಆಯ್ತು, ಇನ್ನು ಮನುಷ್ಯರಿಗೆ ಕಾಣಬಾರ್ದು, ಕೈ ನಿಲ್ಲಿಸಬೇಡ, ಅನ್ನುತ್ತಿದ್ದ ಅಪ್ಪ. ನಿಲ್ಲಿಸಿದರೆ ಏನಾಗುತ್ತದೆ ಅಪ್ಪ, ಅಂತ ಕೇಳಿದ್ದೆ, ಹನ್ನೆರಡು ವರ್ಷದವಳು, ನಿಲ್ಲಿಸಿದ್ರೆ ಒಣಗುತ್ತೆ, ಒಣಗಿದ ಮೇಲೆ ಅದರ ಮೇಲೆ ಎಷ್ಟು ಹಚ್ಚಿದ್ರೂ ಓರೆ ಬೆಳಕಿಗೆ ಎದ್ದು ಕಾಣುತ್ತೆ, ಆ ಮನೆಯವರು ನಿನ್ನನ್ನ ಮತ್ತೆ ಕರೆಯಲ್ಲ. ಈ ಊರಿನ ಎಷ್ಟು ಛಾವಣಿಗಳೊಳಗೆ ನಮ್ಮ ಶಿಲುಬೆಗಳಿವೆಯೋ, ಯಾರಿಗೂ ಕಾಣದ ಹಾಗೆ, ದಂತವೈದ್ಯರ ಕೋಣೆಯಲ್ಲಿ, ಬೇಕರಿಯಲ್ಲಿ, ಯಹೂದಿ ದರ್ಜಿಯ ಮನೆಯಲ್ಲೂ ಒಂದು, ಪಾಪ ಆತನಿಗೆ ತಿಳಿಯದು, ಕೆಳಗೆ ಕೂತು ಐವತ್ತು ವರ್ಷ ಹೊಲಿದ.

ಕ್ಷಮಿಸಿ, ಸೀಲಿಂಗಿಗೆ ಇದು ಸಾಕಾ, ಅಂತ ಪಕ್ಕದಲ್ಲಿ ಯಾರೋ, ಹೊಸದಾಗಿ ಮದುವೆಯಾದವರ ಹಾಗಿದ್ದಾರೆ, ಹುಡುಗಿ ಬಸುರಿ, ಹುಡುಗನ ಕೈಯಲ್ಲಿ ಒಂದು ಡಬ್ಬಿ, ಎಲ್ಲ ಒಂದರಲ್ಲೇ, ತಟ್ಟೆ, ಸ್ಪಂಜಿನ ರೋಲರ್, ಗಿಡ್ಡ ಕೋಲು, ಹಂದಿಕೂದಲಿನ ಬ್ರಷ್, ಯಾರಪ್ಪಾ ನಿಮಗೆ ಇದನ್ನ ಕೊಟ್ಟೋರು, ಅಂದೆ, ಅದೆಲಿನೊ ಕೆಮ್ಮಿದ, ನಾನು ಬಿಡಲಿಲ್ಲ, ನೀರಿನ ಪೇಂಟಿಗೆ ಹಂದಿಕೂದಲು ಹಾಕಿದ್ರೆ ಅದು ನೀರು ಕುಡಿದು ಊದಿ ಪೊರಕೆ ಆಗುತ್ತೆ, ಅದು ಎಣ್ಣೆ ಪೇಂಟಿಗೆ, ನಿಮಗೆ ನೈಲಾನ್ ಬೇಕು, ಎರಡೂವರೆ ಇಂಚು, ತುದಿ ಓರೆ ಇರೋದು, ಸ್ಪಂಜನ್ನ ಎಸೀರಿ, ಗುಳ್ಳೆ ಬರುತ್ತೆ, ನಿಮ್ಮ ಗೋಡೆ ಹೇಗಿದೆ, ನುಣುಪಾ, ಹಳೇದಾ, ಹುಡುಗ ಹೆಂಡತಿಯ ಮುಖ ನೋಡಿದ, ಹಳೇದು, ಅಂದಳು ಅವಳು, ಉಬ್ಬುತಗ್ಗು ಇದೆ, ಹಾಗಾದ್ರೆ ಅರ್ಧ ಇಂಚು, ಕೋಲು ನಿಮ್ಮ ಗಂಡನ ಎತ್ತರಕ್ಕಿಂತ ಒಂದು ಗೇಣು ಕಡಿಮೆ, ಮೊದಲು ಸೀಲಿಂಗ್, ಆಮೇಲೆ ಗೋಡೆ, ಹೊಸ ರೋಲರಿಗೆ ಟೇಪ್ ಸುತ್ತಿ ಕಿತ್ತುಬಿಡಿ, ಬಿಡಿ ಎಳೆ ಎಲ್ಲ ಟೇಪಿಗೆ ಬರುತ್ತೆ, ಇಲ್ಲದಿದ್ರೆ ಸೀಲಿಂಗಿಗೆ ಗಡ್ಡ ಬರುತ್ತೆ — ಹುಡುಗಿ ನಕ್ಕಳು, ಮಗುವಿನ ಕೋಣೆ, ಅಂದಳು, ಹುಟ್ಟಿದ ಮೇಲೆ ಮೊದಲು ನೋಡೋದು ಅದನ್ನೇ ಅಲ್ವಾ, ಹೌದು ತಾಯಿ, ಅಂದೆ, ಮೊದಲೂ ಅದೇ, ಕೊನೆಗೂ ಅದೇ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ, ಬಸುರಿಯ ಮುಂದೆ ಆಡುವ ಮಾತೇ ಅದು. ಬೇರೆಯವರ ಮನೆಗಾದರೆ ಅರ್ಧ ಇಂಚು ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ. ನನ್ನ ಮನೆಗೆ ಯಾವುದು ಅಂತ ನನಗೇ ತಿಳಿಯುತ್ತಿಲ್ಲ.

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ತರಲಿಕ್ಕೂ ಹೀಗೇ ಎರಡು ದಿನವಿತ್ತು, ಹನ್ನೊಂದು ವರ್ಷದ ಹಿಂದೆ, ಜುಲೈ, ಅಣ್ಣ ನ್ಯೂ ಬೆಡ್‌ಫರ್ಡಿನ ಇಗರ್ಜಿಯಲ್ಲಿ ಅಟ್ಟಣೆಯ ಮೇಲಿದ್ದ, ವಾರದ ಕೆಲಸ, ನಾನೇ ಹಚ್ತೀನಿ ಬಿಡು, ಒಂದು ಕೋಣೆ ತಾನೇ, ಅಂದಿದ್ದೆ, ಸೊಕ್ಕು, ಅವತ್ತು ಬೆಳಿಗ್ಗೆಯೇ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇನ್ನು ಎರಡು ತಿಂಗಳು ಅಂದಿದ್ದರು, ಯಾರಿಗೂ ಹೇಳಿರಲಿಲ್ಲ, ಮನೆಗೆ ಬಂದೆ, ಕಿಟಕಿ ತೆರೆದೆ, ತೆರೆಯಬಾರದಿತ್ತು, ಬಿಸಿಗಾಳಿ, ರೋಲರ್ ಎತ್ತಿ ಶಿಲುಬೆ ಎಳೆದೆ, ಕಿಟಕಿಯಿಂದ ಬಾಗಿಲಿಗೆ, ಅಡ್ಡಕ್ಕೆ, ದಪ್ಪಗೆ, ಎಳೆದು ಮೇಲೆ ನೋಡಿದೆ, ಒದ್ದೆ ಶಿಲುಬೆ ಮಂಚದ ಮೇಲ್ಗಡೆ ಹೊಳೆಯುತ್ತಿತ್ತು, ಎರಡು ತಿಂಗಳು ಅನ್ನುವ ಮಾತು ಅವಾಗ ಒಳಗೆ ಇಳಿಯಿತು, ಕೋಲು ಗೋಡೆಗೆ ಆನಿಸಿ ನೆಲದ ಮೇಲೆ ಕೂತು ಅತ್ತೆ, ಎಷ್ಟು ಹೊತ್ತೋ, ಎದ್ದಾಗ ಅದು ಒಣಗಿತ್ತು. ಮೇಲೆ ಎರಡು ಸಲ ಹಚ್ಚಿದೆ. ಕಾಣುವುದಿಲ್ಲ ಅಂದುಕೊಂಡೆ. ಅಮ್ಮ ಬಂದ ಮಾರನೆಯ ಬೆಳಿಗ್ಗೆ, ಎಂಟು ಗಂಟೆಗೆ, ಸೂರ್ಯ ಎದುರಿನ ಹಳೆ ಗಿರಣಿಯ ಚಿಮಣಿ ದಾಟಿ ಕಿಟಕಿಗೆ ಬಂದ, ಬೆಳಕು ಛಾವಣಿಯನ್ನು ನೆಕ್ಕಿಕೊಂಡು ಹೋಯಿತು, ಶಿಲುಬೆ ಎದ್ದು ನಿಂತಿತು, ತಲೆ, ತೋಳು, ಬುಡ, ಎಲ್ಲ ಅಳೆದು ಮಾಡಿದ ಹಾಗೆ, ನಾಳೆನೇ ಮತ್ತೆ ಹಚ್ತೀನಮ್ಮಾ, ಅಂದೆ, ಅಮ್ಮ ನನ್ನ ಮುಖವನ್ನೇ ನೋಡಿದಳು, ಊದಿದ ಕಣ್ಣನ್ನು ನೋಡಿದಳು, ಇರಲಿ ಬಿಡೇ, ಚೆನ್ನಾಗಿದೆ, ನನ್ನ ಮಗಳು ನನ್ನ ಮೇಲೆ ಶಿಲುಬೆ ಇಟ್ಟಿದಾಳೆ, ಅಂದಳು, ನೋಡಲು ಬಂದ ಹೆಂಗಸರಿಗೆಲ್ಲ ತೋರಿಸಿದಳು, ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು, ಪಕ್ಕದ ಮನೆಯ ಮುದುಕಿ ಒಂದು ದಿನ ಹೂವು ತಂದಳು. ನನ್ನ ತಪ್ಪು ಹೀಗೆ ಮಹಿಮೆಯಾಗಿ ಹೋಯಿತು, ನಾನೂ ನಂಬಿದೆ.

ಆಮೇಲೆ ಒಂದು ಗುರುವಾರ, ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ವಾಪಸು ಬಂದರೆ ಬಾಗಿಲಲ್ಲೇ ಹೊಸ ಪೇಂಟಿನ ವಾಸನೆ, ಛಾವಣಿ ಬೋಳು, ಬೆಳ್ಳಗೆ, ಹಾಲು ಸುರಿದ ಹಾಗೆ, ಒಂದು ಗೆರೆಯಿಲ್ಲ, ಅಣ್ಣ ಹಿತ್ತಿಲ ದ್ರಾಕ್ಷಿ ಚಪ್ಪರದ ಕೆಳಗೆ ರೋಲರ್ ತೊಳೆಯುತ್ತಿದ್ದ, ಬಿಳಿ ನೀರು ಕಲ್ಲುಗಳ ನಡುವೆ ಹರಿಯುತ್ತಿತ್ತು, ಯಾಕೋ, ಯಾರನ್ನ ಕೇಳಿ ಅಳಿಸಿದೆ, ಅಂದೆ, ಅವನು ತಲೆಯೆತ್ತಲಿಲ್ಲ, ಪಟ್ಟೆ ಬಿದ್ದಿತ್ತು, ಅಂದ, ನಮ್ಮಮ್ಮನ ತಲೆ ಮೇಲೆ ಪಟ್ಟೆ ಇರೋದು ನನಗೆ ಸರಿಬರಲ್ಲ, ಅಂದ, ಅದು ಪಟ್ಟೆ ಅಲ್ಲ, ಅವಳ ಶಿಲುಬೆ ಅದು, ನಿನಗೆ ನಿನ್ನ ಕಸುಬಿನ ಜಂಬನೇ ದೊಡ್ಡದಾಯ್ತಾ, ಸಾಯೋ ಅಮ್ಮನಿಗಿಂತ, ಅಂದೆ, ಅಕ್ಕಪಕ್ಕದ ಮಹಡಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರ ಹಗ್ಗದ ರಾಟೆಗಳು ಕಿರುಗುಟ್ಟುವುದು ನಿಂತಿತು, ಅವನು ರೋಲರನ್ನು ಹಿಂಡಿದ, ಹಿಂಡುತ್ತಲೇ ಇದ್ದ. ಒಳಗೆ ಅಮ್ಮ ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ಮೂರು ವಾರಕ್ಕೆ ಹೋದಳು. ಅಲ್ಲಿಂದ ಹನ್ನೊಂದು ವರ್ಷ, ಒಂದೇ ಮನೆ, ಅವನ ನೆಲ ನನ್ನ ಛಾವಣಿ, ಬೆಳಿಗ್ಗೆ ಐದೂವರೆಗೆ ಅವನ ಹಿಮ್ಮಡಿ ಸದ್ದು, ಅಡುಗೆಮನೆಗೆ ಹನ್ನೆರಡು ಹೆಜ್ಜೆ, ಸಂಜೆ ಬೂಟು ಕಳಚಿ ಬಿಡುವ ಸದ್ದು, ಒಂದು, ಎರಡು, ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದೆ, ಸೊಪ್ಪಿನ ಸಾರು ಮಾಡಿದ ಭಾನುವಾರ ಅವನ ಹೆಂಡತಿ ದಿಯೊಲಿಂದಾ ಹಿಂದಿನ ಮೆಟ್ಟಿಲ ಮೇಲೆ ಬಟ್ಟಲು ಇಡುತ್ತಿದ್ದಳು, ಅತ್ತಿಗೆಯ ಮೇಲೆ ನನಗೇನೂ ಇರಲಿಲ್ಲ, ಬಟ್ಟಲು ತೊಳೆದು ಅಲ್ಲೇ ಇಡುತ್ತಿದ್ದೆ, ಕೆಲಸಕ್ಕೆ ಅವನು ಬೇರೆ, ನಾನು ಬೇರೆ, ನಾನು ಗೋಡೆ ಮಾತ್ರ ಒಪ್ಪಿಕೊಳ್ಳುತ್ತಿದ್ದೆ, ಹನ್ನೊಂದು ವರ್ಷದಲ್ಲಿ ಒಂದೇ ಒಂದು ಛಾವಣಿಗೆ ಕೋಲು ಎತ್ತಲಿಲ್ಲ. ಆರು ವಾರದಿಂದ ಮೇಲೆ ಹಿಮ್ಮಡಿ ಸದ್ದಿಲ್ಲ. ಐದೂವರೆಗೆ ಎಚ್ಚರವಾಗುತ್ತದೆ, ಕಾಯುತ್ತೇನೆ, ಯಾಕೆ ಕಾಯುತ್ತೇನೋ.

ನಿನ್ನೆ ಹೋದೆ, ಮೊದಲ ಸಲ, ನಡೆಯುವುದನ್ನು ಮತ್ತೆ ಕಲಿಸುವ ಆ ಆಸ್ಪತ್ರೆಗೆ, ಒಂದು ಸಿಹಿ ಬ್ರೆಡ್ಡು ಹಿಡಿದುಕೊಂಡು, ಗಾಲಿಕುರ್ಚಿಯಲ್ಲಿ ಕೂತಿದ್ದ, ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈ ತಂದಿಟ್ಟ ಹಾಗೆ, ಗಡ್ಡ ಯಾರೋ ಅರೆಬರೆ ಹೆರೆದಿದ್ದರು, ದಿಯೊಲಿಂದಾ ಬ್ರೆಡ್ಡು ಕೊಯ್ಯಲು ಚಾಕು ಹುಡುಕುತ್ತ ಆಚೆ ಹೋದಳು, ಬೇಕೆಂದೇ ಹೋದಳು, ಏನು ಮಾತಾಡುವುದು, ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಯಾವುದು, ಹೇಗಿದೀಯ ಅನ್ನುವುದೇ, ಕಣ್ಣಿಗೆ ಕಾಣುತ್ತಿದೆಯಲ್ಲ, ಕೋಣೆಗೆ ಬಣ್ಣ ಹಚ್ಚಿಸ್ತಿದೀನಿ, ಅಂದೆ, ನಾನೇ ಹಚ್ತಿದೀನಿ, ಹೊಳಪಿಲ್ಲದ ಬಿಳಿ, ಅರ್ಧ ಇಂಚಿನ ಉಣ್ಣೆ, ಅವನು ಕಣ್ಣೆತ್ತಿದ, ಬಾಯಿಯ ಎಡಭಾಗ ಅಲುಗಿತು, ಅರ್ಧ ಬೇಡ, ಅಂದ, ಅಷ್ಟು ಹೇಳಲಿಕ್ಕೆ ಹಣೆ ಬೆವರಿತು, ಮುಕ್ಕಾಲು. ಮುಕ್ಕಾಲಾ, ಕಿತ್ತಳೆ ಸಿಪ್ಪೆ ಥರ ಆಗುತ್ತಲ್ಲೋ, ನೀನೇ ಬೈತಿದ್ದೆ ಅದಕ್ಕೆ, ಅಂದೆ, ಅವನು ತಲೆಯಾಡಿಸಿದ, ಎಡಗೈ ಎತ್ತಿ ಅಂಗೈಯನ್ನು ಗಾಳಿಯಲ್ಲಿ ಸವರಿದ, ತಗ್ಗಿದೆ, ಅಂದ, ತಗ್ಗು, ಯಾವ ತಗ್ಗೋ, ಇವನ ತಲೆ ಪೂರ್ತಿ ನೆಟ್ಟಗಿಲ್ಲ ಅಂದುಕೊಂಡೆ, ಒಳಗಿದ್ದ ಹಳೆಯ ವಿಷ ನಾಲಿಗೆಗೆ ಬಂತು, ಹೆದರಬೇಡ, ಈ ಸಲ ಪಟ್ಟೆ ಬೀಳಲ್ಲ, ನಿನ್ನ ತಲೆ ಮೇಲೆ ಯಾವ ಶಿಲುಬೆನೂ ಇರಲ್ಲ, ಅಂದೆ, ಆಡಿದ ಮೇಲೆ ನನಗೇ ಅಸಹ್ಯವಾಯಿತು, ಅವನು ಕಣ್ಣು ಮುಚ್ಚಿದ, ಎಡಗಣ್ಣಿನಿಂದ ನೀರು ಇಳಿಯಿತು, ಅಮ್ಮ, ಅಂದ, ಅಮ್ಮ, ಮುಂದೆ ಬರಲಿಲ್ಲ.

ಆಚೆ ಪಡಸಾಲೆಯಲ್ಲಿ, ಕಾಫಿ ಯಂತ್ರದ ಪಕ್ಕ, ದಿಯೊಲಿಂದಾ ನನ್ನ ತೋಳು ಹಿಡಿದಳು, ಬ್ರೆಡ್ಡು ಇನ್ನೂ ಅವಳ ಕಂಕುಳಲ್ಲೇ ಇತ್ತು, ತೀಲಿಯಾ, ಇನ್ನು ನಾನು ಬಾಯಿ ಮುಚ್ಕೊಂಡಿರಲ್ಲ, ಅವರು ಬೈದ್ರೂ ಸರಿ, ಈಗ ಬೈಯೋಕೆ ಬಾಯಾದರೂ ಎಲ್ಲಿದೆ ಅವರಿಗೆ, ಆ ಶಿಲುಬೆ ಅಳಿಸು ಅಂದಿದ್ದು ನಿಮ್ಮಮ್ಮ. ಯಾರು, ಅಂದೆ. ಅತ್ತೆ ಕಣೇ, ನೀನು ಕೆಲಸಕ್ಕೆ ಹೋದಾಗ ಇವರನ್ನ ಕೆಳಗೆ ಕರೆಸ್ಕೊಂಡ್ರು, ದಿನಾ ಬೆಳಿಗ್ಗೆ ಕಣ್ಣು ಬಿಟ್ರೆ ಹೆಣದ ಪೆಟ್ಟಿಗೆ ಮುಚ್ಚಳ ನೋಡಿದ ಹಾಗೆ ಆಗುತ್ತೆ ಮಗಾ, ಆಗಲೇ ಹೂತುಬಿಟ್ಟಿದಾರೆ ಅನ್ನಿಸುತ್ತೆ, ನನಗೆ ಹೆದರಿಕೆ, ಅಳಿಸಿಬಿಡು, ಆದ್ರೆ ತೀಲಿಯಾಗೆ ಹೇಳಬೇಡ, ಅವಳು ಅಳ್ತಾ ಅಳ್ತಾ ಹಚ್ಚಿದಾಳೆ, ನನಗೆ ಗೊತ್ತು, ನೊಂದ್ಕೋತಾಳೆ, ನಿನ್ನ ಜಂಬಕ್ಕೆ ಅಳಿಸಿದೆ ಅಂದ್ಕೊಳ್ಲಿ, ಆಣೆ ಮಾಡು, ಅಂದ್ರು, ಇವರು ಮಾಡಿದ್ರು. ಹನ್ನೊಂದು ವರ್ಷ ಅತ್ತಿಗೆ, ಅಂದೆ, ಹನ್ನೊಂದು ವರ್ಷ ನೀವಾದ್ರೂ ಹೇಳಬಾರ್ದಿತ್ತಾ, ನಾನು ಹೇಳಿಬಿಡ್ತೀನಿ ಅಂದಾಗಲೆಲ್ಲ ಇವರು ಅಂತಿದ್ರು, ಅಂದಳು ಅವಳು, ನನ್ನ ಮೇಲೆ ಸಿಟ್ಟಿದ್ರೆ ಅವಳು ಬದುಕ್ತಾಳೆ, ಅಮ್ಮನ್ನ ಹೆದರಿಸಿದೆ ಅಂತ ಗೊತ್ತಾದ್ರೆ ಬದುಕಲ್ಲ ಅಂತ — ಕಾಫಿ ಯಂತ್ರ ತನ್ನಷ್ಟಕ್ಕೆ ಗುರುಗುಟ್ಟಿತು, ಯಾರೋ ಕ್ಷಮಿಸಿ ಅಂತ ನಡುವೆ ಕೈ ಹಾಕಿ ಲೋಟ ತೆಗೆದುಕೊಂಡರು, ನಾನು ಒಳಗೆ ಹೋಗಲಿಲ್ಲ, ಹೋಗಲಾಗಲಿಲ್ಲ, ಬಸ್ಸು ಹಿಡಿದು ಮನೆಗೆ ಬಂದು ಆ ಕೋಣೆಯ ಬಾಗಿಲಲ್ಲಿ ನಿಂತೆ, ಗೋಡೆಯ ಕಡೆಗೆ ತಿರುಗಿ ಮಲಗಿದ್ದ ಅಮ್ಮ, ನಾನು ಕೂಗಾಡುತ್ತಿದ್ದಾಗ ಮುಖ ತಿರುಗಿಸಿಕೊಂಡಿದ್ದ ಅಮ್ಮ, ಅದು ದುಃಖವಲ್ಲ, ನಾಚಿಕೆ, ಮಗ ಬೈಸಿಕೊಳ್ಳುವುದನ್ನು ಕೇಳಲಾರದ ನಾಚಿಕೆ, ಈಗ ಗೊತ್ತಾಗುತ್ತಿದೆ, ಈಗ.

ಇದು, ಅಂತ ಮುಕ್ಕಾಲು ಇಂಚಿನದನ್ನು ಗಲ್ಲಾದ ಮೇಲೆ ಇಡುತ್ತೇನೆ, ಅದೆಲಿನೊ ಅದನ್ನೂ ನೋಡಿದ, ನನ್ನನ್ನೂ ನೋಡಿದ, ಮುಕ್ಕಾಲಾ, ಒಳಗಿನ ಸೀಲಿಂಗಿಗೆ, ನಿನಗೇನಾಗಿದೆ ಒತೀಲಿಯಾ, ಇದು ಇಟ್ಟಿಗೆ ಗೋಡೆಗೆ ಕಣೆ, ಅಣ್ಣ ಹೇಳಿದ, ಅಂದೆ, ಬಾಯಿಂದ ತಾನಾಗಿ ಬಂತು, ಅಣ್ಣ ಹೇಳಿದ, ಹನ್ನೊಂದು ವರ್ಷ ಈ ಅಂಗಡಿಯಲ್ಲಿ ಆ ಪದ ನನ್ನ ಬಾಯಿಂದ ಬಂದಿರಲಿಲ್ಲ, ಅದೆಲಿನೊನ ಕೈ ಕಾಗದದ ಚೀಲದೊಳಗೇ ನಿಂತುಹೋಯಿತು, ಹಾಗಾದ್ರೆ ಸರಿ, ಅಂದ, ಮೆತ್ತಗೆ, ಅವನು ಹೇಳಿದ್ರೆ ಸರಿ, ಬ್ರಷ್ ಬೇಕಾ, ಬೇಡ, ನನ್ನದು ಹದಿನೇಳು ವರ್ಷದ್ದು ಇದೆ, ಕೋಲು, ಅಲ್ಲಿ ಹೊಸ ಅಲ್ಯೂಮಿನಿಯಂ ಕೋಲುಗಳಿವೆ, ಎಳೆದರೆ ಉದ್ದವಾಗುತ್ತವೆ, ಹಗುರ, ನನ್ನ ವಯಸ್ಸಿನ ಭುಜಕ್ಕೆ ಒಳ್ಳೆಯದೇ, ಕೈ ಚಾಚಿದೆ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ, ಕೋಲು ಮನೇಲಿದೆ, ಅಂದೆ, ಮನೆಯಲ್ಲಿರುವುದು ಅಣ್ಣನ ಕೋಲು, ಕೇಳಬೇಕು, ಕೇಳಲಿಕ್ಕೆ ಮೆಟ್ಟಿಲು ಹತ್ತಬೇಕು. ಹತ್ತಿದೆ. ಹಿಂದಿನ ಮೆಟ್ಟಿಲು, ಹದಿನಾರು, ದಿಯೊಲಿಂದಾ ಹಿಂದಿನ ಜಗಲಿಯಲ್ಲಿ ಹಗ್ಗದ ರಾಟೆ ಎಳೆಯುತ್ತಿದ್ದಳು, ಅವನ ಅಂಗಿಗಳು ಸಾಲಾಗಿ ಗಾಳಿಯಲ್ಲಿ, ತೊಡುವವನಿಲ್ಲದಿದ್ದರೂ ವಾರಕ್ಕೊಮ್ಮೆ ಒಗೆಯುತ್ತಾಳೆ, ಏನೂ ಕೇಳುವ ಮೊದಲೇ ಕ್ಲಿಪ್ಪು ಬಾಯಲ್ಲಿಟ್ಟುಕೊಂಡು ಗೋಡೆಯ ಮೂಲೆ ತೋರಿಸಿದಳು, ಕೋಲು ಅಲ್ಲಿತ್ತು, ಒರೆಸಿ ಇಟ್ಟಿದ್ದಳು, ನಿನ್ನೆಯಿಂದ ಅಲ್ಲೇ ಇಟ್ಟಿದೀನಿ, ಕೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ, ಅಂದಳು, ಕ್ಲಿಪ್ಪು ತೆಗೆದು.

ಮರದ ಕೋಲು, ಭಾರ, ಹಿಡಿಯುವ ಜಾಗದಲ್ಲಿ ಬಟ್ಟೆಯ ಟೇಪು ಸುತ್ತಿದ್ದಾನೆ, ಟೇಪು ಅವನ ಅಂಗೈಯ ಆಕಾರಕ್ಕೆ ಸವೆದಿದೆ, ಕೋಣೆ ಖಾಲಿ, ಮಂಚದ ಮೇಲೆ ಹಳೆಯ ದುಪ್ಪಟಿ, ಕಿಟಕಿ ಮುಚ್ಚಿದ್ದೇನೆ, ಈ ಸಲ ಮುಚ್ಚಿದ್ದೇನೆ, ಅಂಚು ಎಳೆಯುವ ಮೊದಲು ಏಣಿ ಹತ್ತಿ ಅಂಗೈಯಿಂದ ಛಾವಣಿಯನ್ನು ಸವರುತ್ತೇನೆ, ಧೂಳಿದೆಯೋ ನೋಡಲು, ಧೂಳಿಲ್ಲ, ಮಂಚದ ಮೇಲ್ಗಡೆ ಬಂದಾಗ ಅಂಗೈ ಕೆಳಗೆ ಏನೋ ಬದಲಾಯಿತು, ತಗ್ಗು, ಕೂದಲೆಳೆಯಷ್ಟು ತಗ್ಗು, ಕಣ್ಣಿಗೆ ಕಾಣದ್ದು, ಕೈಗೆ ಮಾತ್ರ ಸಿಗುವಂಥದ್ದು, ಒಂಬತ್ತು ಇಂಚು ಅಗಲ, ರೋಲರಿನಷ್ಟೇ, ಸವರುತ್ತ ಹೋದೆ, ಉದ್ದಕ್ಕೆ ಹೋಯಿತು, ಅಡ್ಡಕ್ಕೆ ಹೋಯಿತು, ತಲೆ, ತೋಳು, ಬುಡ — ನನ್ನ ಶಿಲುಬೆಯನ್ನು ಅವನು ಬರೀ ಮುಚ್ಚಿರಲಿಲ್ಲ, ಮರಳುಕಾಗದದಿಂದ ಉಜ್ಜಿ ಉಜ್ಜಿ ತೆಗೆದಿದ್ದ, ನಾವು ಡಾಕ್ಟರ ಹತ್ತಿರ ಕೂತಿದ್ದ ಮೂರು ಗಂಟೆ, ಒಬ್ಬನೇ, ಕತ್ತು ಮೇಲೆ ಮಾಡಿ, ಕಣ್ಣಿಗೆ ಧೂಳು ಬೀಳಿಸಿಕೊಂಡು, ಅಮ್ಮನಿಗೆ ಒಂದು ಕೂದಲೆಳೆಯೂ ಕಾಣಬಾರದು ಅಂತ, ಸ್ವಲ್ಪ ಹೆಚ್ಚೇ ಉಜ್ಜಿದ್ದ, ಅರ್ಧ ಇಂಚಿನ ಉಣ್ಣೆ ಈ ತಗ್ಗನ್ನು ಹಾರಿಸಿಕೊಂಡು ಹೋಗುತ್ತದೆ, ಮುಕ್ಕಾಲಿನದು ಒಳಗೆ ಇಳಿಯುತ್ತದೆ, ತಗ್ಗಿದೆ ಅಂದನಲ್ಲ, ಬಾಯಿ ಹೋದರೂ ಅವನಿಗೆ ಇದು ನೆನಪಿತ್ತು, ನಾನು ತಲೆ ಕೆಟ್ಟಿದೆ ಅಂದುಕೊಂಡೆ. ಇಳಿದೆ. ಅಂಚು ಎಳೆದೆ, ಸುತ್ತ, ಓಡೇ ತೀಲಿಯಾ ಅನ್ನುವವನು ಹಿಂದೆ ಇಲ್ಲ, ಹುಲಿಯೂ ನಾನೇ. ರೋಲರನ್ನು ಒದ್ದೆ ಮಾಡಿ ಹಿಂಡಿದೆ, ಪೇಂಟಿನಲ್ಲಿ ಹೊರಳಿಸಿದೆ, ಜಾಲರಿಗೆ ಉಜ್ಜಿದೆ, ಅವನ ಅಂಗೈಯ ಗುರುತಿನ ಮೇಲೆ ನನ್ನ ಅಂಗೈ ಇಟ್ಟು ಕೋಲು ಎತ್ತಿದೆ, ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು, ಕಿಟಕಿಯಿಂದ ಬಾಗಿಲಿಗೆ ಒಂದು, ಅಡ್ಡಕ್ಕೆ ಒಂದು, ಮಂಚದ ಮೇಲ್ಗಡೆ, ಅದೇ ಜಾಗ, ಒದ್ದೆ, ದಪ್ಪ, ಹೊಳೆಯುತ್ತಿದೆ. ಅವನೂ ಎಳೆದಿರಬೇಕು. ಈಗ ಹೊಳೆಯಿತು ನನಗೆ, ಶಿಲುಬೆ ಎಳೆಯದೆ ಛಾವಣಿ ಶುರು ಮಾಡಲು ಅವನಿಗೆ ಬರುವುದಿಲ್ಲ, ನನ್ನದನ್ನು ಅಳಿಸಲಿಕ್ಕೂ ಅವನು ಮೊದಲು ತನ್ನದೊಂದನ್ನು ಎಳೆದಿರಬೇಕು, ಇದೇ ಕೋಲಿನಲ್ಲಿ, ಅಮ್ಮನಿಗಾಗಿ, ಎಳೆದು ನಿಲ್ಲಲಿಲ್ಲ, ಅವನಿಗೂ ಅಳು ಬಂದಿರಬೇಕು, ಅವನು ನಿಲ್ಲಲಿಲ್ಲ, ನಾನು ಬೈದೆ, ಅವನು ರೋಲರ್ ಹಿಂಡುತ್ತಿದ್ದ, ಹಿಂಡುತ್ತಲೇ ಇದ್ದ, ಅಣ್ಣ, ತಪ್ಪಾಯ್ತು ಕಣೋ, ಶುಕ್ರವಾರ ಬಾಯಿಬಿಟ್ಟು ಹೇಳಲು ನನಗೆ ಬರುವುದೋ ಇಲ್ಲವೋ, ನಿನಗೆ ಉತ್ತರ ಕೊಡಲು ಬರುವುದೋ ಇಲ್ಲವೋ, ಶನಿವಾರ ಬೆಳಿಗ್ಗೆ ಎಂಟಕ್ಕೆ ಬೆಳಕು ಚಿಮಣಿ ದಾಟಿ ಬಂದಾಗ ನೀನು ಕಣ್ಣು ಬಿಟ್ಟು ಮೊದಲು ಇಲ್ಲೇ ನೋಡುತ್ತೀಯ, ಮಂಚದ ಮೇಲ್ಗಡೆ, ಹುಡುಕುತ್ತೀಯ, ಏನೂ ಕಾಣಬಾರದು ನಿನಗೆ, ಕಾಣದಿದ್ದರೆ ನಾನು ತಪ್ಪಾಯ್ತು ಅಂದ ಹಾಗೆ — ಅಪ್ಪನ ದನಿ, ಕೈ ನಿಲ್ಲಿಸಬೇಡ, ಭುಜ ಉರಿಯುತ್ತಿದೆ, ಕಣ್ಣು ತುಂಬಿ ಛಾವಣಿ ಪೂರಾ ಬಿಳಿ ನೀರು, ಏನೂ ನೆಟ್ಟಗೆ ಕಾಣುತ್ತಿಲ್ಲ, ಕೈ ಮಾತ್ರ ನಿಂತಿಲ್ಲ, ಶಿಲುಬೆಯ ಎಡತೋಳು ಹೋಯಿತು, ಬಲತೋಳು ಹೋಯಿತು, ತಲೆ ಹೋಯಿತು, ಬುಡ ಒಂದು ಉಳಿದಿದೆ, ಮಂಚದ ಮೇಲ್ಗಡೆ, ಒಂದು ಗೇಣು, ಹೊಳೆಯುತ್ತಿದೆ, ಒದ್ದೆ, ಇನ್ನೂ ಒದ್ದೆ —